ಛಾಪು ಒತ್ತುವವರು ಯಾರು? – ನಾಣ್ಯ ಸಂಗ್ರಾಹಕರ ಸಂಘಕ್ಕೆ ಬಹಿರಂಗ ಪತ್ರ

ನಾಣ್ಯ ಸಂಗ್ರಾಹಕರ ಸಂಘದ ಸನ್ಮಾನ್ಯ ಅಧ್ಯಕ್ಷರು, ಕಾರ್ಯದರ್ಶಿಗಳು ಹಾಗೂ ಸಮಸ್ತ ಪದಾಧಿಕಾರಿಗಳ ಸನ್ನಿಧಿಗೆ,

ನಾನು ಹುಕ್ಕೇರಿ ತಾಲ್ಲೂಕಿನ ಕಣಗಲಾದ ನಿಮ್ಮ ಸಾಮಾನ್ಯ ಸದಸ್ಯ. ನಾಣ್ಯ ಮಾರುವವರಿಗೆ ಸಂಘ ಒಂದಿಷ್ಟು ನಿಯಮ ಹಾಕಬಾರದೇ ಎಂದು ಕಳೆದ ಸಭೆಯಲ್ಲಿ ಕೇಳಿದಾಗ, ‘ನಮ್ಮದು ಹವ್ಯಾಸಿಗಳ ಕೂಟ, ವ್ಯಾಪಾರದ ಗೊಡವೆ ನಮಗೇಕೆ’ ಎಂದು ತಾವು ಅಪ್ಪಣೆ ಕೊಡಿಸಿದಿರಿ. ಆ ಮಾತು ಮುಳ್ಳಾಗಿ ಒಳಗೇ ಉಳಿದಿದೆ. ಅದನ್ನು ತಮ್ಮ ಕೈಯಿಂದಲೇ ತೆಗೆಸಿಕೊಳ್ಳಲು ಈ ಬಿನ್ನಹ.

ಮೊದಲು ನನ್ನ ಋಣ ಹೇಳಿಬಿಡುತ್ತೇನೆ. ಸಂಕೇಶ್ವರದ ಸಂತೆಯಲ್ಲಿ ತೂತಿನ ಕಾಸು ಹೆಕ್ಕುತ್ತಿದ್ದ ಹುಡುಗನಿಗೆ ಕಣ್ಣು ಕೊಟ್ಟವರು ನೀವು. ವಿಷ್ಣುವರ್ಧನನ ಹೊನ್ನಿನ ಮೇಲಿನ ‘ಶ್ರೀ ತಳಕಾಡುಗೊಂಡ’ ಎಂಬ ಅಕ್ಷರಗಳನ್ನು ಓದಲು ಕಲಿಸಿದಿರಿ. ವಿಜಾಪುರದ ಆದಿಲಶಾಹಿಗಳ ಬೆಳ್ಳಿ ತಂತಿಯ ಲಾರಿ ನಾಣ್ಯ, ಟಿಪ್ಪುವಿನ ಆನೆ ದುಡ್ಡು, ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸು, ಇವನ್ನೆಲ್ಲ ಅಂಗೈ ಮೇಲಿಟ್ಟು ತೋರಿಸಿದಿರಿ. ಲೋಹದ ತುಣುಕು ನಾಣ್ಯವಾಗುವುದು ಅದರ ಹಿಂದೆ ಒಬ್ಬರು ನಿಂತಾಗ. ಕಮ್ಮಟದಲ್ಲಿ ಛಾಪು ಬಿದ್ದ ಮೇಲೆ ಗದ್ಯಾಣದ ತೂಕಕ್ಕೂ ಬೆರಕೆಗೂ ಛಾಪು ಒತ್ತಿಸಿದವರೇ ಹೊಣೆ ಎಂದು ಹೇಳಿಕೊಟ್ಟವರೂ ನೀವೇ. ನನ್ನ ದೂರು ಹುಟ್ಟಿದ್ದು ಆ ಪಾಠದಿಂದಲೇ.

ತಾವು ನಡೆಸುವ ಪ್ರದರ್ಶನಕ್ಕೂ ನಾನು ಋಣಿ. ನನ್ನಂಥ ಹಳ್ಳಿಯವನಿಗೆ ಒಂದೇ ಮಂಟಪದಡಿ ಇಷ್ಟು ನಾಣ್ಯ ಬೇರೆಲ್ಲಿ ಕಾಣಸಿಗಬೇಕು? ಅಲ್ಲಿ ಪ್ರತಿ ಮಳಿಗೆಯ ನೆತ್ತಿಯ ಮೇಲೂ ಸಂಘದ ಹೆಸರಿತ್ತು. ಆ ಹೆಸರು ನೋಡಿಯೇ ಆರನೇ ಜಾರ್ಜ್‌ನ 1939ರ ಒಂದು ರೂಪಾಯಿ ಕೊಂಡೆ. ಅದು ಎಷ್ಟು ಅಪರೂಪ ಎಂಬುದು ತಮಗೆ ಗೊತ್ತು. ಕೂಡಿಟ್ಟ ರೊಕ್ಕವೆಲ್ಲ ಅದಕ್ಕೇ ಹೋಯಿತು. ಮನೆಗೆ ಬಂದು ತೂಗಿದರೆ 11.66 ಗ್ರಾಂ, ಒಂದು ಗುಲಗಂಜಿಯೂ ಕಡಿಮೆಯಿಲ್ಲ. ಸರಾಫರು ಒರೆಗೆ ಹಚ್ಚಿದರು, ಬೆಳ್ಳಿಯೂ ಸರಿ. ಕೊನೆಗೆ ಬಲ್ಲವರೊಬ್ಬರು ಭೂತಗನ್ನಡಿ ಹಿಡಿದು ತೋರಿಸಿದರು. ಅದು 1938ರ ಸಾಧಾರಣ ರೂಪಾಯಿ. ಕೊನೆಯ ಎಂಟನ್ನು ಕೆತ್ತಿ ಒಂಬತ್ತು ಮಾಡಿದ್ದರು. ಪಾವತಿಯಲ್ಲಿ ಬರೆದದ್ದು ‘ಹಳೆ ನಾಣ್ಯ – 1’ ಅಷ್ಟೇ. ವರ್ಷವಿಲ್ಲ, ತೂಕವಿಲ್ಲ, ಅಸಲಿ ಎಂಬ ಒಂದು ಮಾತೂ ಇಲ್ಲ.

ಆ ನಾಣ್ಯ ಹಿಡಿದು ತಮ್ಮ ಬಾಗಿಲಿಗೆ ಬಂದೆ. ತಾವು ಚಹಾ ಕೊಟ್ಟು ಕೂರಿಸಿ, ಕೊಳ್ಳುವವನೇ ಎಚ್ಚರದಿಂದಿರಬೇಕು ಎಂದು ಪ್ರೀತಿಯಿಂದ ಬುದ್ಧಿ ಹೇಳಿದಿರಿ. ಆ ಪ್ರೀತಿಯನ್ನು ಮರೆಯಲಾರೆ. ಆದರೆ ದಯವಿಟ್ಟು ಯೋಚಿಸಿ: ತೂಕ ಸುಳ್ಳಾಗಿದ್ದರೆ ತಕ್ಕಡಿಯಲ್ಲಿ ಹಿಡಿಯಬಹುದು, ಲೋಹ ಸುಳ್ಳಾಗಿದ್ದರೆ ಒರೆಗಲ್ಲಿನಲ್ಲಿ ಹಿಡಿಯಬಹುದು. ಒಂದು ಅಂಕಿ ಮಾತ್ರ ಸುಳ್ಳಾಗಿದ್ದರೆ ಅದನ್ನು ಹಿಡಿಯಲು ಮೂವತ್ತು ವರ್ಷ ಪಳಗಿದ ಕಣ್ಣು ಬೇಕು. ಆ ಕಣ್ಣು ನಿಮ್ಮಲ್ಲಿದೆ. ಕೊಳ್ಳುವ ಹೊಸಬನಲ್ಲಿ ಇಲ್ಲ. ಬಾಡಿಗೆ ಪಡೆದು, ಹೆಸರು ಕೊಟ್ಟು, ಮಳಿಗೆ ಹಾಕಿಸಿದವರು ಆ ವ್ಯಾಪಾರಿಯ ಮೇಲೆ ತಮ್ಮ ಛಾಪು ಒತ್ತಿದಂತೆಯೇ ಸರಿ. ಛಾಪು ಒತ್ತಿದವರು ಹೊಣೆ ಹೊರಬೇಕು.

ಜಾತ್ರೆ, ಉರುಸುಗಳಲ್ಲಿ ಹಳೆ ನಾಣ್ಯದ ಮೋಹ ಹಬ್ಬಿದೆಯಲ್ಲ, ಆ ಮೋಹ ಹಚ್ಚಿದ್ದರಲ್ಲಿ ಸಂಘದ ಪಾಲೂ ಇದೆ, ಅದಕ್ಕೂ ನಮಸ್ಕಾರ. ಅದರ ಬೆನ್ನಿಗೇ ಹನುಮಂತನ ಚಿತ್ರವಿರುವ, 1818ನೆಯ ಇಸವಿ ಬರೆದ ‘ಈಸ್ಟ್ ಇಂಡಿಯಾ ಕಂಪನಿಯ ಆಣೆ’ಗಳು ಬಂದಿವೆ. ಕಂಪನಿ ಅಂಥ ನಾಣ್ಯವನ್ನು ಎಂದೂ ಟಂಕಿಸಲಿಲ್ಲ ಎಂಬುದು ತಮಗೆ ಅಂಗೈ ನೆಲ್ಲಿ. ಅದೇ ಬಿಲ್ಲೆ ಅಕ್ಕಿಕಾಳನ್ನು ತನ್ನತ್ತ ಎಳೆಯುತ್ತದೆ, ಕೋಟಿಗೆ ಹೋಗುತ್ತದೆ ಎಂದು ನಂಬಿ ಹೊಲ ಮಾರಿಕೊಂಡವರಿದ್ದಾರೆ. ವೈಷ್ಣೋದೇವಿಯ ಚಿತ್ರದ ಚಲ್ತಿ ನಾಣ್ಯಕ್ಕೆ ಲಕ್ಷ ಬರುತ್ತದೆಂದು ಮುಂಗಡ ಕಟ್ಟಿ ಕಳೆದುಕೊಂಡವರಿದ್ದಾರೆ. ಹಳೆ ನಾಣ್ಯ, ನೋಟುಗಳ ಕೊಡು–ಕೊಳ್ಳುವಿಕೆಗೂ ತನಗೂ ಸಂಬಂಧವಿಲ್ಲ, ಅದಕ್ಕಾಗಿ ತಾನು ಯಾರಿಂದಲೂ ಶುಲ್ಕ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಎಚ್ಚರಿಸಬೇಕಾಯಿತು. ನಾಣ್ಯ ಬಲ್ಲ ಸಂಘಗಳೇ ಆ ಎಚ್ಚರಿಕೆಯನ್ನು ಊರೂರಿಗೆ ಮುಟ್ಟಿಸಬೇಕಿತ್ತು ಎಂದು ಕೈಮುಗಿದು ಹೇಳುತ್ತೇನೆ.

ಹಳ್ಳಿಗಳ ಬಗ್ಗೆ ತಮ್ಮ ಸದಸ್ಯ ವ್ಯಾಪಾರಿಗಳಿಗಿರುವ ಅಕ್ಕರೆಯನ್ನೂ ನಾನು ಬಲ್ಲೆ. ನಮ್ಮ ಓಣಿಯ ಆಯಿಯೊಬ್ಬರ ಟ್ರಂಕಿನ ತಳದಲ್ಲಿ ರಾಣಿ ಛಾಪಿನ ರೂಪಾಯಿಗಳಿದ್ದವು. ತಮ್ಮ ಗುರುತಿನ ಚೀಟಿ ತೋರಿಸಿ ಬಂದವರು ಅವನ್ನೆಲ್ಲ ಬರೀ ಬೆಳ್ಳಿಯ ತೂಕಕ್ಕೆ ಒಯ್ದರು. ಯಾವುದು ಯಾವ ವರ್ಷದ್ದು, ಯಾವುದಕ್ಕೆ ಎಷ್ಟು ಬೆಲೆ ಎಂಬ ಒಂದು ಮಾತನ್ನೂ ಆಡಲಿಲ್ಲ. ಆಯಿ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಅವರು ನಂಬಿದ್ದು ಆ ಚೀಟಿಯನ್ನು, ಚೀಟಿ ತಮ್ಮದು.

ಇನ್ನೊಂದು ನಷ್ಟ ರೊಕ್ಕದಲ್ಲಿ ಎಣಿಸಲಾಗದ್ದು. ‘ಎಲ್ಲಿ ಸಿಕ್ಕಿತು?’ ಎಂದು ಕೇಳಿದರೆ ಮಳಿಗೆಯವರದು ಒಂದೇ ಉತ್ತರ: ‘ಹಳೆ ಮನೆ ಕೆಡವುವಾಗ.’ ಯಾವ ಊರು, ಯಾವ ಮನೆ, ಜೊತೆಗೆ ಏನೇನಿತ್ತು? 1929ರ ಸುಮಾರಿಗೆ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಚಂದ್ರವಳ್ಳಿಯಲ್ಲಿ ಅಗೆದಾಗ ಸಾತವಾಹನರ ನಾಣ್ಯಗಳ ಜೊತೆ ರೋಮಿನ ನಾಣ್ಯವೂ ಸಿಕ್ಕಿತು. ಅವು ಒಂದೇ ನೆಲದಲ್ಲಿ ಸಿಕ್ಕಿದ್ದರಿಂದಲೇ ಚಿತ್ರದುರ್ಗದ ಬೆಟ್ಟದ ಬುಡಕ್ಕೂ ಕಡಲಾಚೆಗೂ ಇದ್ದ ನಂಟು ತಿಳಿಯಿತು. ನಮ್ಮ ಬೆಳಗಾವಿಯ ವಡಗಾಂವ–ಮಾಧವಪುರದ ಮಣ್ಣೂ ಅಂಥದ್ದೇ. ಗಡಿಗೆಯಿಂದ ಬಿಡಿಬಿಡಿಯಾಗಿ ಮಾರಿಹೋದ ನಾಣ್ಯ ಎಷ್ಟೇ ಅಸಲಿಯಾದರೂ ಮೂಕ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೇ ಇದೆ. ಕರ್ನಾಟಕದ್ದೇ ಕಾಯ್ದೆ 1962ರದು. ನೂರು ವರ್ಷ ದಾಟಿದ ನಾಣ್ಯವು 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ತಮ್ಮ ಮಂಟಪದಲ್ಲಿ ಪರವಾನಗಿ ತೂಗುಹಾಕಿದ ಮಳಿಗೆಗಳು ಎಷ್ಟಿದ್ದವು ಎಂದು ವಿನಯದಿಂದ ಕೇಳುತ್ತೇನೆ. ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ.

ವ್ಯಾಪಾರಿಗಳಿಗೆ ಕಟ್ಟಳೆ ಹಾಕುವುದು ಕೂಟಗಳ ಕೆಲಸವಲ್ಲ ಎನ್ನುತ್ತೀರಿ. ಮಲಪ್ರಭೆಯ ದಂಡೆಯ ಐಹೊಳೆಯನ್ನು ನೆನೆಯಿರಿ. ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಕೂಟದ ಶಾಸನಗಳಲ್ಲಿ ‘ವೀರ ಬಣಂಜು ಧರ್ಮ’ವನ್ನು ಕಾಪಾಡುವವರು ಎಂಬುದು ಅವರ ಹೆಮ್ಮೆಯ ಬಿರುದು. ವ್ಯಾಪಾರಕ್ಕೊಂದು ಧರ್ಮವಿದೆ, ಅದನ್ನು ಕಾಯುವವರು ವ್ಯಾಪಾರಿಗಳ ಕೂಟದವರೇ ಎಂದು ಕಲ್ಲಿನಲ್ಲಿ ಕೆತ್ತಿಸಿದ ನಾಡು ಇದು. ಹೊರಗೂ ಹಾಗೆಯೇ. 1951ರಲ್ಲಿ ಜಿನೀವಾದಲ್ಲಿ ಹುಟ್ಟಿದ ನಾಣ್ಯ ವ್ಯಾಪಾರಿಗಳ ಅಂತರರಾಷ್ಟ್ರೀಯ ಸಂಘದ ಸದಸ್ಯನಾಗಬೇಕಾದರೆ, ತಾನು ಮಾರಿದ್ದು ಅಸಲಿ ಎಂಬ ಖಾತರಿ ಕೊಡಲೇಬೇಕು.

ನಿಯಮ ಬಂದರೆ ವ್ಯಾಪಾರಿಗಳು ದೂರ ಸರಿಯುತ್ತಾರೆ, ಪ್ರದರ್ಶನದ ಖರ್ಚು ಹುಟ್ಟುವುದಿಲ್ಲ ಎಂಬ ತಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೆ ನನಗೊಂದು ನಾಣ್ಯ ಮಾರಿದ ಎರಡು ವರ್ಷದ ಮೇಲೆ ‘ಆ ನಾಣ್ಯ ಖೊಟ್ಟಿ, ನನಗೂ ಗೊತ್ತಾಗಲಿಲ್ಲ’ ಎಂದು ತಾನಾಗಿ ಹೇಳಿ ಕಳಿಸಿ, ನನ್ನ ರೊಕ್ಕ ಪೂರ್ತಿ ಮರಳಿಸಿದ ವ್ಯಾಪಾರಿಯೂ ತಮ್ಮ ಸದಸ್ಯರೇ. ಅವರ ಪಕ್ಕದ ಮಳಿಗೆಯಲ್ಲಿ ಅಂಥದೇ ಖೊಟ್ಟಿ ನಾಣ್ಯ ಅರ್ಧ ಬೆಲೆಗೆ ಸಿಗುತ್ತದೆ. ನಿಯಮವಿಲ್ಲದ ಪೇಟೆಯಲ್ಲಿ ಮೊದಲು ಸೋಲುವವರು ಅಂಥ ಸಾಚಾ ಮನುಷ್ಯರು.

ಆದ್ದರಿಂದ ಐದೇ ಬೇಡಿಕೆ. ಪಾವತಿಯಲ್ಲಿ ನಾಣ್ಯದ ಹೆಸರು, ವರ್ಷ, ತೂಕ, ಲೋಹ ಬರೆಯಲಿ. ಖೊಟ್ಟಿ ಎಂದು ರುಜುವಾತಾದರೆ ಎಷ್ಟು ವರ್ಷವಾಗಿದ್ದರೂ ಹಣ ಮರಳಿಸಲಿ. ಕಾನೂನು ಪರವಾನಗಿ ಕೇಳುವ ಕಡೆ ಅದನ್ನು ಮಳಿಗೆಯ ಮುಂದೆ ಹಾಕಲಿ, ಸಿಕ್ಕ ಜಾಗ ತಿಳಿದಿದ್ದರೆ ಬರೆದುಕೊಡಲಿ. ಮನೆಮನೆಗೆ ಹೋಗಿ ಕೊಳ್ಳುವವರು ಮೊದಲು ಬೆಲೆ ತಿಳಿಸಿ ಆಮೇಲೆ ತೂಗಲಿ. ದೂರು ಕೇಳುವ ಪಂಚರಲ್ಲಿ ಮಾರುವವರಿಗಿಂತ ಕೊಳ್ಳುವವರು ಹೆಚ್ಚಿರಲಿ. ಇವಕ್ಕೆ ಒಪ್ಪದವರು ಬೇರೆಲ್ಲಿ ಬೇಕಾದರೂ ಅಂಗಡಿ ಹಾಕಲಿ, ಸಂಘದ ಹೆಸರಿನಡಿ ಮಾತ್ರ ಬೇಡ.

ಮೊಗಲರ ಕಾಲದ ರೂಪಾಯಿಗಳ ಮೇಲೆ ಸರಾಫರು ಪರೀಕ್ಷಿಸಿ ಒತ್ತಿದ ಪುಟ್ಟ ಗುರುತುಗಳನ್ನು ಮೊದಲು ತೋರಿಸಿದವರು ತಾವು. ‘ಇದನ್ನು ನಾನು ನೋಡಿದ್ದೇನೆ, ಸಾಚಾ’ ಎಂದು ಒಬ್ಬ ಮನುಷ್ಯ ಹೇಳಿ ಹೋದ ಗುರುತು ಅದು. ಸಂಘದಿಂದ ನಾನು ಬೇಡುವುದು ಅಷ್ಟನ್ನೇ.

ಈ ವರ್ಷದ ಚಂದಾ ಕಳಿಸುತ್ತಿದ್ದೇನೆ. ಜೊತೆಗೆ ಆ ತಿದ್ದಿದ ರೂಪಾಯಿಯನ್ನೂ ಕಳಿಸುತ್ತಿದ್ದೇನೆ. ಅದನ್ನು ಮರಳಿಸಬೇಡಿ. ಹೊಸದಾಗಿ ಸೇರುವ ಹುಡುಗರ ಕೈಗೆ ಭೂತಗನ್ನಡಿ ಕೊಟ್ಟು, ಆ ಒಂಬತ್ತರೊಳಗಿನ ಎಂಟನ್ನು ತೋರಿಸಿ.

ಇಂತಿ ತಮ್ಮ ವಿಧೇಯ,
ಕಣಗಲಾದ ಒಬ್ಬ ಸಾಮಾನ್ಯ ಸದಸ್ಯ