ಜಿನೀವಾಕ್ಕೆ ಮೇಷ್ಟ್ರ ಸವಾರಿ

ಮೇಷ್ಟ್ರು: ಜಿನೀವಾ ಸಮ್ಮೇಳನಕ್ಕೆ ಕರೆ ಬಂದಿದೆ ಕಣಯ್ಯ. ಅಲ್ಲಿ ಶಾಲು, ಹಾರ ಉಂಟೋ?

ಶಿಷ್ಯ: ಮೊದಲು ಷೆಂಗೆನ್ ವೀಸಾ ಆಗ್ಬೇಕು ಸಾರ್. ಕನಿಷ್ಠ 30,000 ಯೂರೋ ಪ್ರಯಾಣ ವಿಮೆ ಕಡ್ಡಾಯ.

ಮೇಷ್ಟ್ರು: ನನ್ನ ಭಾಷಣ ಕೇಳೋರಿಗಾ?

ಶಿಷ್ಯ: ನಿಮಗೆ ಸಾರ್. ಅವರನ್ನ ದೇವರೇ ಕಾಪಾಡ್ಬೇಕು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಉಪ್ಪಿನಕಾಯಿ ದೊಡ್ಡ ಪೆಟ್ಟಿಗೆಗೆ.

ಮೇಷ್ಟ್ರು: ತುಪ್ಪ?

ಶಿಷ್ಯ: ಭಾರತದಿಂದ ಹಾಲಿನ ಪದಾರ್ಥ ಒಯ್ಯೋ ಹಾಗಿಲ್ಲ. ಪ್ಲಗ್ ಅಡಾಪ್ಟರ್ ಮರೀಬೇಡಿ. ಹೋಟೆಲಿನವರು ಕೊಡೋ ಕಾರ್ಡಲ್ಲಿ ಟ್ರಾಮ್, ಬಸ್ಸು ಪುಕ್ಕಟೆ.

ಮೇಷ್ಟ್ರು: ಪುಕ್ಕಟೆಯಾ! ಹಾಗಾದ್ರೆ ಗೋಷ್ಠಿಗೆ ಬಿಡುವೆಲ್ಲಿ?

ಶಿಷ್ಯ: ಪ್ರಬಂಧ ಬರೆದಾಯ್ತಾ ಸಾರ್?

ಮೇಷ್ಟ್ರು: ವಿಮಾನದಲ್ಲಿ ಬರೆದರಾಯ್ತು. ಮೊದಲು ಪತ್ರಿಕೆಗೆ ಫೋಟೊ ಕಳಿಸು!

ವಿದ್ವಾಂಸರೇ, ವೀಸಾ ಅಧಿಕಾರಿ ಪ್ರಬಂಧ ಓದುವುದಿಲ್ಲ, ಸಭಿಕರು ಕೇಳಲೇಬೇಕು. ಹೊರಡುವ ಮುನ್ನವೇ ಬರೆದುಬಿಡಿ.