ಇನ್‌ಬಾಕ್ಸ್ ಅಲಂಕಾರಶಾಸ್ತ್ರ

ಜಿಮೇಲ್ ಪುಟದ ಬಲಗಡೆ ಮೇಲಿನ ಮೂಲೆಯಲ್ಲಿ ಹಲ್ಲುಚಕ್ರದ ಪುಟ್ಟ ಚಿತ್ರವೊಂದಿದೆ. ಅದನ್ನು ಒತ್ತಿದರೆ ಪಕ್ಕದಲ್ಲೊಂದು ಪಟ್ಟಿ ತೆರೆದುಕೊಳ್ಳುತ್ತದೆ. ಮೇಲ್‌ಗಳು ಒತ್ತೊತ್ತಾಗಿ ಕೂರಬೇಕೋ ಸಡಿಲವಾಗಿ ಕೂರಬೇಕೋ, ಯಾವುದು ಮೇಲೆ, ಯಾವುದು ಕೆಳಗೆ, ಹಿನ್ನೆಲೆಗೆ ಬೆಟ್ಟವೋ ಸಮುದ್ರವೋ ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ. ಇನ್‌ಬಾಕ್ಸಿನ ವಿನ್ಯಾಸವನ್ನು ಬೇಕಾದ ಹಾಗೆ ಬದಲಿಸಿಕೊಳ್ಳುವುದೆಂದರೆ ಇದು. ಬಂದ ಮೇಲ್‌ಗೆ ಉತ್ತರ ಬರೆಯುವುದು ಇದರ ವ್ಯಾಪ್ತಿಗೆ ಬರುವುದಿಲ್ಲ. ಈ ಕಲೆ ಜನಪ್ರಿಯವಾಗಿರುವುದೂ ಅದರಿಂದಲೇ. ಹುಬ್ಬು ಗಂಟಿಕ್ಕಿಕೊಂಡು ಅರ್ಧ ಬೆಳಗನ್ನು ಮೇಲ್‌ಗಳ ನಡುವೆಯೇ ಕಳೆದು, ಒಂದಕ್ಕೂ ಜವಾಬು ಕೊಡದೆ ಎದ್ದು ಹೋಗಬಹುದಾದ ಮರ್ಯಾದಸ್ಥ ಕೆಲಸ ಇದರಷ್ಟು ಸುಲಭವಾಗಿ ಇನ್ನೊಂದು ಸಿಗುವುದಿಲ್ಲ.

ಹಿಂದೆ ಈ ಸೌಕರ್ಯ ಇರಲಿಲ್ಲ. ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ಹಾಟ್‌ಮೇಲ್ ಎಂಬ ಮೇಲ್ ಸೇವೆ ಆರಂಭಿಸಿದರು. ಭಾಟಿಯಾ ಒಂದಷ್ಟು ಕಾಲ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ ಓದಿದವರಾದ್ದರಿಂದ ಊರಿನವರಿಗೆ ಇದರಲ್ಲಿ ಕೊಂಚ ಹೆಮ್ಮೆ ಪಡುವ ಹಕ್ಕಿದೆ. ಆಗ ಒಬ್ಬೊಬ್ಬರಿಗೆ ಸಿಗುತ್ತಿದ್ದ ಜಾಗ 2 ಎಂಬಿ. ಅಮೆರಿಕದಲ್ಲಿರುವ ಮಗ ಮನೆಯ ಮುಂದೆ ಬಿದ್ದ ಹಿಮದ ನಾಲ್ಕು ಫೋಟೋ ಕಳಿಸಿದರೆ ತಂದೆಯ ಡಬ್ಬಿ ತುಂಬಿಹೋಗುತ್ತಿತ್ತು. ಓದು, ಅಳಿಸು, ಮುಂದಿನದಕ್ಕೆ ಜಾಗ ಮಾಡು. ಅಷ್ಟೇ ಇದ್ದ ವಿನ್ಯಾಸ. 2004ರ ಏಪ್ರಿಲ್ 1ರಂದು ಗೂಗಲ್ ತನ್ನ ಜಿಮೇಲ್‌ನಲ್ಲಿ 1 ಜಿಬಿ ಕೊಡುತ್ತೇನೆಂದು ಪ್ರಕಟಿಸಿದಾಗ ತಾರೀಖು ನೋಡಿ ಅನೇಕರು ನಕ್ಕರು. ಅದು ತಮಾಷೆಯಾಗಿರಲಿಲ್ಲ. ಅಳಿಸುವ ಅಗತ್ಯ ಹೋಯಿತು. ಅಳಿಸುವ ಗುಂಡಿಗಿಂತ ಮುಂದೆ ‘ಆರ್ಕೈವ್’ ಎಂಬ ಗುಂಡಿ ಬಂತು. ಅಂದರೆ ಮೇಲ್ ಕಣ್ಣೆದುರಿಗೆ ಇರುವುದಿಲ್ಲ, ಆದರೆ ಇರುತ್ತದೆ. ಏನನ್ನೂ ಬಿಸಾಡದೆ ಅಟ್ಟಕ್ಕೇರಿಸುವ ನಮ್ಮ ಮನೆಗಳ ಹಿರಿಯರಿಗೆ ಈ ತತ್ವವನ್ನು ಯಾರೂ ವಿವರಿಸಬೇಕಾಗಲಿಲ್ಲ. ಬಿಸಾಡದಿದ್ದ ಮೇಲೆ ಜೋಡಿಸಬೇಕಲ್ಲ, ಹಲ್ಲುಚಕ್ರಕ್ಕೆ ಕೆಲಸ ಹುಟ್ಟಿದ್ದು ಹೀಗೆ.

ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಸಾಂದ್ರತೆ. ಅದರಲ್ಲಿ ಡೀಫಾಲ್ಟ್, ಕಂಫರ್ಟಬಲ್, ಕಾಂಪ್ಯಾಕ್ಟ್ ಎಂದು ಮೂರು ಬಗೆ. ಡೀಫಾಲ್ಟ್‌ನಲ್ಲಿ ಸಾಲುಗಳ ನಡುವೆ ಧಾರಾಳ ಜಾಗವಿದ್ದು, ಲಗತ್ತಾದ ಕಡತಗಳ ಹೆಸರೂ ವಿಷಯದ ಕೆಳಗೇ ಕಾಣುತ್ತವೆ. ಕಂಫರ್ಟಬಲ್‌ನಲ್ಲಿ ಆ ಹೆಸರುಗಳು ಮಾಯವಾಗಿ ಕ್ಲಿಪ್ಪಿನ ಗುರುತು ಮಾತ್ರ ಉಳಿಯುತ್ತದೆ. ಕಾಂಪ್ಯಾಕ್ಟ್‌ನಲ್ಲಿ ಸಾಲಿಗೆ ಸಾಲು ತಾಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಕಾಂಪ್ಯಾಕ್ಟ್ ಆರಿಸುತ್ತಾರೆ, ಒಂದೇ ನೋಟಕ್ಕೆ ಹೆಚ್ಚು ಮೇಲ್ ಕಂಡರೆ ಹೆಚ್ಚು ಮುಖ್ಯರಾದಂತೆ ಅನ್ನಿಸುವುದರಿಂದ. ಚಾಳೀಸು ಬಂದ ಮೇಲೆ ಎಲ್ಲರೂ ಸದ್ದಿಲ್ಲದೆ ಡೀಫಾಲ್ಟ್‌ಗೆ ಮರಳುತ್ತಾರೆ. ಒತ್ತಕ್ಷರಗಳು ಜೋತುಬಿದ್ದ ಕನ್ನಡದ ವಿಷಯಸಾಲುಗಳನ್ನು ಓದುವುದಕ್ಕೂ ಅದೇ ವಾಸಿ. ಮದುವೆಯ ಕರೆಯೋಲೆ ಕಳಿಸುವವರು ವಿಷಯದ ಜಾಗವನ್ನು ಖಾಲಿ ಬಿಡುವುದುಂಟು. ‘ಇನ್ವಿಟೇಶನ್ ಫೈನಲ್ ಫೈನಲ್’ ಎಂಬ ಪಿಡಿಎಫ್‌ನ ಹೆಸರು ಹೊರಗೇ ಕಂಡರೆ ಮುಹೂರ್ತ ಮುಗಿಯುವುದರೊಳಗೆ ಅದನ್ನು ತೆರೆಯುವ ಸಂಭವ ಹೆಚ್ಚು.

ಸಾಂದ್ರತೆಯ ಕೆಳಗೆ ‘ಇನ್‌ಬಾಕ್ಸ್ ಟೈಪ್’ ಇದೆ. ಇಡೀ ಶಾಸ್ತ್ರದ ತಿರುಳು ಇಲ್ಲಿದೆ. ಡೀಫಾಲ್ಟ್ ಎಂಬ ಮೊದಲ ಬಗೆ ಟ್ಯಾಬ್‌ಗಳದ್ದು. 2013ರ ಮೇ ತಿಂಗಳಲ್ಲಿ ಗೂಗಲ್ ಇನ್‌ಬಾಕ್ಸನ್ನು ಪ್ರೈಮರಿ, ಸೋಶಿಯಲ್, ಪ್ರೊಮೋಷನ್ಸ್, ಅಪ್‌ಡೇಟ್ಸ್, ಫೋರಮ್ಸ್ ಎಂದು ಐದು ಪಾಲು ಮಾಡಿತು. ಪ್ರೈಮರಿಯನ್ನು ತೆಗೆಯಲಾಗದು, ಉಳಿದ ನಾಲ್ಕರಲ್ಲಿ ಬೇಕಾದ್ದನ್ನು ಇಟ್ಟುಕೊಳ್ಳಬಹುದು, ಬೇಡವಾದ್ದನ್ನು ತೆಗೆಯಬಹುದು. ತೆಗೆದ ಟ್ಯಾಬಿನ ಮೇಲ್‌ಗಳು ಪ್ರೈಮರಿಗೆ ಬಂದು ಸೇರುತ್ತವೆ. ಈ ಏರ್ಪಾಡು ಮದುವೆಮನೆಯ ಊಟದ ಪಂಕ್ತಿಗಳ ಹಾಗೆ. ಬೀಗರಿಗೂ ಹಿರಿಯರಿಗೂ ಮೊದಲ ಪಂಕ್ತಿ, ಆಫೀಸಿನವರಿಗೆ ಎರಡನೆಯದು, ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಯಾರಿಗೂ ಗೊತ್ತಿಲ್ಲದವರಿಗೆ ಕೊನೆಯದು. ತಾನು ಮೊದಲ ಪಂಕ್ತಿಯವನೇ ಎಂಬುದರಲ್ಲಿ ಮಾತ್ರ ಯಾರಿಗೂ ಸಂಶಯವಿಲ್ಲ. ಟ್ಯಾಬ್‌ಗಳು ಬಂದ ವರ್ಷ ಅಮೆರಿಕದ ಅಂಗಡಿಗಳು ತಮ್ಮ ಗಿರಾಕಿಗಳಿಗೆ ಮೇಲ್ ಬರೆದು, ದಯವಿಟ್ಟು ನಮ್ಮನ್ನು ಪ್ರೊಮೋಷನ್ಸ್‌ನಿಂದ ಎಳೆದು ಪ್ರೈಮರಿಗೆ ಕೂರಿಸಿ ಎಂದು ಕೇಳಿಕೊಂಡವು. ಆ ಬಿನ್ನಹ ಹೋಗಿ ಬಿದ್ದದ್ದೂ ಪ್ರೊಮೋಷನ್ಸ್‌ಗೇ.

ಎಳೆಯುವ ಕ್ರಮ ಕಷ್ಟದ್ದಲ್ಲ. ಮೌಸ್‌ನಿಂದ ಮೇಲನ್ನು ಹಿಡಿದು ಬೇರೆ ಟ್ಯಾಬಿನ ಮೇಲೆ ಬಿಟ್ಟರೆ, ಇದೇ ವಿಳಾಸದಿಂದ ಮುಂದೆ ಬರುವುದನ್ನೂ ಇಲ್ಲಿಗೇ ಹಾಕಲೇ ಎಂದು ಜಿಮೇಲ್ ಕೇಳುತ್ತದೆ. ಹೌದು ಎಂದರೆ ಮುಗಿಯಿತು. ಕಷ್ಟವಿರುವುದು ವಿಂಗಡಣೆಯ ತರ್ಕದಲ್ಲಿ. ಮನುಷ್ಯರು ಮನುಷ್ಯರಿಗೆ ಬರೆದದ್ದು ಪ್ರೈಮರಿಗೆ, ಬಿಲ್ಲು ರಸೀದಿ ಲೆಕ್ಕಪತ್ರಗಳು ಅಪ್‌ಡೇಟ್ಸ್‌ಗೆ ಎಂಬುದು ಸ್ಥೂಲವಾದ ನಿಯಮ. ಕಾಗದದ ಮೇಲೆ ಇದು ಸೊಗಸಾಗಿದೆ. ಸಂಸಾರದಲ್ಲಿ ಇದರ ಪರಿಣಾಮವೆಂದರೆ, ದೊಡ್ಡಪ್ಪ ಎಲ್ಲರಿಗೂ ತಪ್ಪದೆ ಫಾರ್ವರ್ಡ್ ಮಾಡುವ ಮೆಂತ್ಯದ ನೀರಿನ ಮಹಿಮೆ ಪ್ರೈಮರಿಯಲ್ಲಿ ವಿರಾಜಮಾನವಾಗಿರುತ್ತದೆ; ಕಡೇ ದಿನ ಸಮೀಪಿಸುತ್ತಿರುವ ಕರೆಂಟ್ ಬಿಲ್ಲು ಯಾರೂ ಇಣುಕದ ಅಪ್‌ಡೇಟ್ಸ್‌ನಲ್ಲಿ ಮೂಲೆ ಹಿಡಿದಿರುತ್ತದೆ. ಸಂಜೆ ದೀಪ ಆರಿದಾಗ ವಿಷಯ ಮನೆಯವರ ಗಮನಕ್ಕೆ ಬರುತ್ತದೆ.

ಎರಡನೆಯ ಬಗೆ ‘ಮುಖ್ಯವಾದದ್ದು ಮೊದಲು’. ಮುಖ್ಯವೆಂದು ಜಿಮೇಲ್‌ಗೆ ತೋಚಿದ ಮೇಲಿನ ಪಕ್ಕದಲ್ಲಿ ಹಳದಿ ಬಾಣದಂಥ ಗುರುತು ಬೀಳುತ್ತದೆ. ಯಾರಿಗೆ ಹೆಚ್ಚಾಗಿ ಬರೆಯುತ್ತೀರಿ, ಯಾವುದನ್ನು ತೆರೆಯುತ್ತೀರಿ, ಯಾವುದಕ್ಕೆ ಉತ್ತರಿಸುತ್ತೀರಿ, ಯಾವುದಕ್ಕೆ ನಕ್ಷತ್ರ ಹಾಕುತ್ತೀರಿ, ಯಾವುದನ್ನು ಅಳಿಸುತ್ತೀರಿ ಎಂದು ನೋಡಿ ನೋಡಿ ಯಂತ್ರ ಇದನ್ನು ಕಲಿಯುತ್ತದೆ. ಗುರುತಿನ ಮೇಲೆ ಮೌಸ್ ಇಟ್ಟರೆ ಕಾರಣವನ್ನೂ ಹೇಳುತ್ತದೆ. ಇದರಲ್ಲಿ ಒಂದು ಮುಜುಗರವಿದೆ. ಮನುಷ್ಯನಿಗೆ ಯಾವುದು ಮುಖ್ಯವಾಗಿರಬೇಕಿತ್ತು ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಅವನು ನಿಜವಾಗಿ ಯಾವುದನ್ನು ತೆರೆದ ಎಂಬುದಷ್ಟೇ ಗೊತ್ತು. ವಿಮಾ ಕಂಪನಿಯ ನೋಟಿಸನ್ನು ಮುಟ್ಟದೆ ಸೀರೆ ರಿಯಾಯಿತಿಯ ಮೇಲನ್ನು ತಪ್ಪದೆ ತೆರೆಯುವ ಮನೆಯಲ್ಲಿ ಹಳದಿ ಬಾಣ ಎತ್ತ ತಿರುಗುತ್ತದೆ ಎಂಬುದಕ್ಕೆ ಜ್ಯೋತಿಷ್ಯ ಬೇಕಿಲ್ಲ. ತಪ್ಪಾಗಿ ಬಿದ್ದ ಬಾಣವನ್ನು ಒತ್ತಿ ಆರಿಸಬಹುದು, ಯಂತ್ರ ಅದನ್ನೂ ಪಾಠವಾಗಿ ತೆಗೆದುಕೊಳ್ಳುತ್ತದೆ. ಬಾಣವೇ ಬೇಡವೆನ್ನುವವರಿಗೆ ಗುರುತನ್ನೇ ಮರೆಮಾಡುವ ಆಯ್ಕೆ ಉಂಟು.

‘ಓದದ್ದು ಮೊದಲು’, ‘ನಕ್ಷತ್ರದ್ದು ಮೊದಲು’ ಎಂಬೆರಡಕ್ಕೆ ಹೆಚ್ಚಿನ ವಿವರಣೆ ಬೇಡ. ಮೊದಲನೆಯದು ಶಿಸ್ತಿನವರಿಗೆ. ಓದದ ಮೇಲ್‌ಗಳು ಐದಂಕಿ ದಾಟಿದವರು ಅದನ್ನು ಆರಿಸಬಾರದು, ಅವರ ಪುಟ ಒಂದಿಷ್ಟೂ ಬದಲಾಗುವುದಿಲ್ಲ. 2010ರಲ್ಲಿ ಬಂದ ಪ್ರಯಾರಿಟಿ ಇನ್‌ಬಾಕ್ಸ್ ಇವೆಲ್ಲವನ್ನೂ ಸೇರಿಸಿದ ಬಿಸಿಬೇಳೆಬಾತ್: ಮುಖ್ಯವೂ ಓದದ್ದೂ ಆದವು ಮೇಲೆ, ನಕ್ಷತ್ರದವು ನಡುವೆ, ಮಿಕ್ಕಿದ್ದೆಲ್ಲ ಕೆಳಗೆ. ಪ್ರತಿ ವಿಭಾಗದಲ್ಲೂ ಎಷ್ಟೆಷ್ಟು ಕಾಣಬೇಕೆಂದು ಹೇಳಬಹುದು. ಮೈಕ್ರೋಸಾಫ್ಟ್‌ನ ಔಟ್‌ಲುಕ್ ಇದೇ ಕೆಲಸವನ್ನು ‘ಫೋಕಸ್ಡ್’ ಮತ್ತು ‘ಅದರ್’ ಎಂದು ಎರಡೇ ಭಾಗದಲ್ಲಿ ಮುಗಿಸುತ್ತದೆ. ಎರಡೂ ಕಡೆ ಹುಡುಕಬೇಕಾಗುವುದರಿಂದ ಅಲ್ಲಿಯೂ ಶ್ರಮ ಉಳಿಯುವುದಿಲ್ಲ, ಆದರೆ ಹುಡುಕುವ ಜಾಗ ಕಡಿಮೆ.

ಪಂಡಿತರ ಆಯ್ಕೆ ‘ಮಲ್ಟಿಪಲ್ ಇನ್‌ಬಾಕ್ಸಸ್’. ಇದರಲ್ಲಿ ಮುಖ್ಯ ಪಟ್ಟಿಯ ಬಲಕ್ಕೋ ಮೇಲಕ್ಕೋ ಕೆಳಕ್ಕೋ ಇನ್ನೂ ಐದು ಪುಟ್ಟ ಇನ್‌ಬಾಕ್ಸ್‌ಗಳನ್ನು ಕಟ್ಟಿಕೊಳ್ಳಬಹುದು. ಪ್ರತಿಯೊಂದಕ್ಕೂ ಒಂದು ಹುಡುಕಾಟದ ಸೂತ್ರ: ಇಂಥವರಿಂದ ಬಂದದ್ದು, ಇಂಥ ಲೇಬಲ್ ಇರುವುದು, ಲಗತ್ತು ಇರುವುದು, ಇನ್ನೂ ಓದದ್ದು. ಸೂತ್ರಗಳನ್ನು ಜೋಡಿಸಲೂಬಹುದು. ಕಟ್ಟಿ ಮುಗಿಸಿದಾಗ ಪುಟ ರೈಲ್ವೆಯ ನಿಯಂತ್ರಣ ಕೊಠಡಿಯಂತೆ ಕಂಡು, ಹಿಂದೆ ನಿಂತು ನೋಡುವ ಸಹೋದ್ಯೋಗಿಗೆ ಭಕ್ತಿ ಹುಟ್ಟುತ್ತದೆ. ‘ಉತ್ತರಿಸಬೇಕಾದವು’ ಎಂಬ ವಿಭಾಗವನ್ನು ಎಲ್ಲರೂ ಕಟ್ಟುತ್ತಾರೆ; ತುಂಬಿ ತುಳುಕುವುದೂ ಅದೇ.

ನಕ್ಷತ್ರಗಳ ಸಂಗತಿ ಪ್ರತ್ಯೇಕ. ಮೊದಲಿಗೆ ಸಿಗುವುದು ಒಂದೇ ಹಳದಿ ನಕ್ಷತ್ರ. ಸೆಟ್ಟಿಂಗ್ಸ್ ಪುಟಕ್ಕೆ ಹೋದರೆ ಒಟ್ಟು 12 ಗುರುತುಗಳಿವೆ: ಆರು ಬಣ್ಣದ ನಕ್ಷತ್ರಗಳು, ಜೊತೆಗೆ ಕೆಂಪು ಆಶ್ಚರ್ಯಸೂಚಕ, ನೇರಳೆ ಪ್ರಶ್ನಾರ್ಥಕ, ಹಸಿರು ಸರಿ ಗುರುತು ಮುಂತಾದ ಇನ್ನಾರು. ಬೇಕಾದವನ್ನು ಮೇಲಿನ ಸಾಲಿಗೆ ಎಳೆದುಕೊಂಡರೆ, ಮೇಲ್‌ನ ಪಕ್ಕದ ನಕ್ಷತ್ರವನ್ನು ಒತ್ತಿದಂತೆಲ್ಲ ಒಂದರ ನಂತರ ಒಂದು ಬರುತ್ತವೆ. ಹನ್ನೆರಡನ್ನೂ ಎಳೆದುಕೊಂಡವರು ಹಸಿರು ಗುರುತು ಬರುವ ತನಕ ಒತ್ತುತ್ತಾ ಹೋಗಿ, ಒಂದು ಹೆಚ್ಚಾಗಿ ಒತ್ತಿ, ಮತ್ತೆ ಮೊದಲಿನಿಂದ ಸುತ್ತಬೇಕು. ಕಿತ್ತಳೆ ನಕ್ಷತ್ರ ಎಂದರೆ ‘ಈ ವಾರ’ವೋ ‘ಅತ್ತಿಗೆಯ ವಿಷಯ’ವೋ ಎಂಬುದನ್ನು ನೆನಪಿಡಲು ಒಂದು ಚೀಟಿ ಬೇಕಾಗುತ್ತದೆ. ಚೀಟಿಯನ್ನು ಗೋಡೆಗೆ ಅಂಟಿಸುವುದು ರೂಢಿ. ಎರಡು ಬಣ್ಣ ಸಾಕು.

ಹಲ್ಲುಚಕ್ರದ ಪಟ್ಟಿಯಲ್ಲಿ ಮುಂದಿನದು ಓದುವ ಫಲಕ. ಪುಟವನ್ನು ಸೀಳಿ ಒಂದು ಕಡೆ ಪಟ್ಟಿ, ಇನ್ನೊಂದು ಕಡೆ ತೆರೆದ ಮೇಲ್ ಇಡಬಹುದು. ಸೀಳು ಬಲಕ್ಕೂ ಬರಬಹುದು, ಕೆಳಕ್ಕೂ ಬರಬಹುದು. ಅಗಲದ ಪರದೆ ಇದ್ದವರಿಗೆ ಇದು ನಿಜಕ್ಕೂ ಉಪಕಾರಿ, ಹಿಂದೆ ಮುಂದೆ ಓಡಾಡುವುದು ತಪ್ಪುತ್ತದೆ. ಆದರೆ ಇದರೊಳಗೆ ಅಡಗಿದ ಇನ್ನೊಂದು ಆಯ್ಕೆಯನ್ನು ಹೆಚ್ಚಿನವರು ನೋಡಿಯೇ ಇಲ್ಲ. ಫಲಕದಲ್ಲಿ ಕಾಣಿಸಿಕೊಂಡ ಮೇಲನ್ನು ‘ಓದಿದ್ದು’ ಎಂದು ಯಾವಾಗ ಪರಿಗಣಿಸಬೇಕು? ತಕ್ಷಣ, 1 ಸೆಕೆಂಡಿನ ನಂತರ, 3 ಸೆಕೆಂಡಿನ ನಂತರ, 20 ಸೆಕೆಂಡಿನ ನಂತರ, ಅಥವಾ ಎಂದೂ ಇಲ್ಲ. ಎಷ್ಟು ಹೊತ್ತು ನೋಡಿದರೆ ಓದಿದ ಹಾಗೆ ಎಂಬ ಪ್ರಶ್ನೆಗೆ ಶಾಲಾಮಾಸ್ತರರು ತಲೆಮಾರುಗಳಿಂದ ತಲೆ ಕೆಡಿಸಿಕೊಂಡಿದ್ದರು. ಇಲ್ಲಿ ಅದನ್ನು ಮಕ್ಕಳ ಕೈಗೇ ಬಿಡಲಾಗಿದೆ.

ಅದೇ ಪಟ್ಟಿಯ ಕೊನೆಯಲ್ಲಿ ಸಂಭಾಷಣೆಯ ನೋಟ ಇದೆ. ಒಂದೇ ವಿಷಯದ ಮೇಲ್‌ಗಳನ್ನೆಲ್ಲ ಒಂದು ಗಂಟಾಗಿ ಕಟ್ಟುವುದು ಜಿಮೇಲ್‌ನ ಹುಟ್ಟುಗುಣ. ಅದು ಹಿಡಿಸದವರು ಆರು ವರ್ಷ ಗೊಣಗಿದ ಮೇಲೆ 2010ರಲ್ಲಿ ಗಂಟು ಬಿಚ್ಚುವ ಆಯ್ಕೆ ಬಂತು. ಅಪಾರ್ಟ್‌ಮೆಂಟ್ ಸಂಘದಲ್ಲಿ ನೀರಿನ ಟ್ಯಾಂಕ್ ತೊಳೆಸುವ ವಿಚಾರ ಎದ್ದರೆ ಎರಡೂ ಪಂಗಡದವರ ವಾದ ಒಟ್ಟಿಗೇ ಅರ್ಥವಾಗುತ್ತದೆ. ಗಂಟು ಬೇಕು ಎನ್ನುವವರಿಗೆ ಅರವತ್ತು ಉತ್ತರಗಳು ಒಂದೇ ಸಾಲಿನಲ್ಲಿ ಅಡಗುತ್ತವೆ. ಬೇಡ ಎನ್ನುವವರಿಗೆ, ಅರವತ್ತರಲ್ಲಿ ಟ್ಯಾಂಕ್ ತೊಳೆಯುವ ತಾರೀಖು ಇರುವ ಒಂದೇ ಒಂದು ಮೇಲ್ ಕೈಗೆ ಸಿಗುತ್ತದೆ.

ಎಡಗಡೆಯ ಪಟ್ಟಿಯ ಲೇಬಲ್‌ಗಳನ್ನು ಫೋಲ್ಡರ್ ಎಂದೇ ಭಾವಿಸುವವರು ಬಹಳ. ಫೋಲ್ಡರ್‌ನಲ್ಲಿ ಕಾಗದ ಒಂದೇ ಕಡೆ ಇರಬೇಕು. ಲೇಬಲ್ ಹಾಗಲ್ಲ, ಒಂದೇ ಮೇಲ್‌ಗೆ ‘ಮನೆ ಸಾಲ’, ‘ತೆರಿಗೆ’, ‘ಅಪ್ಪನಿಗೆ ತೋರಿಸಬಾರದು’ ಎಂಬ ಮೂರನ್ನೂ ಅಂಟಿಸಬಹುದು. ಒಂದೊಂದಕ್ಕೂ ಬಣ್ಣ ಕೊಡಬಹುದು, ಒಂದರೊಳಗೆ ಇನ್ನೊಂದನ್ನು ಇಡಬಹುದು, ಓದದ್ದು ಇದ್ದಾಗ ಮಾತ್ರ ಮುಖ ತೋರಿಸು ಎಂದು ಹೇಳಬಹುದು. ಇವಕ್ಕೆ ಫಿಲ್ಟರ್ ಜೋಡಿಸಿದರೆ ಇಂಥ ವಿಳಾಸದ ಮೇಲ್ ಇನ್‌ಬಾಕ್ಸ್‌ಗೆ ಬಾರದೆ ನೇರವಾಗಿ ಲೇಬಲ್ಲಿನ ಕೆಳಗೆ ಹೋಗಿ ಕೂರುತ್ತದೆ. ಇಡೀ ಶಾಸ್ತ್ರದಲ್ಲಿ ಕೆಲಸಕ್ಕೆ ಬರುವ ಭಾಗ ಯಾವುದೆಂದು ಕೇಳಿದರೆ ಇದು. ಅದಕ್ಕೇ ಇರಬೇಕು, ಇದನ್ನು ಮುಟ್ಟುವವರು ಕಡಿಮೆ.

ಹೆಚ್ಚು ಮುಟ್ಟುವುದು ಥೀಮನ್ನು. 2008ರ ನವೆಂಬರ್‌ನಲ್ಲಿ ಥೀಮ್‌ಗಳು ಬಂದವು. ‘ಟೀ ಹೌಸ್’ ಎಂಬುದರಲ್ಲಿ ನರಿಯೊಂದು ಬಳಕೆದಾರನ ಊರಿನ ಹೊತ್ತಿಗೆ ತಕ್ಕಂತೆ ಬೇರೆ ಬೇರೆ ಕೆಲಸದಲ್ಲಿ ತೊಡಗಿರುತ್ತದೆ. ಅದು ಈಗ ಏನು ಮಾಡುತ್ತಿದೆ ಎಂದು ನೋಡಲು ಇನ್‌ಬಾಕ್ಸ್ ತೆರೆಯುವವರಿದ್ದರು. ಮೇಲ್‌ಗೆ ಸಂಬಂಧವಿಲ್ಲದೆ ಮೇಲ್ ನೋಡಲು ಇದಕ್ಕಿಂತ ಪ್ರಾಮಾಣಿಕವಾದ ಕಾರಣ ಸಿಗಲಾರದು. ಸ್ವಂತ ಫೋಟೋವನ್ನೂ ಹಿನ್ನೆಲೆಗೆ ಹಾಕಿಕೊಳ್ಳಬಹುದು. ಮೊಮ್ಮಗುವಿನ ಮುಖದ ಮೇಲೆ ಸರಿಯಾಗಿ ಬ್ಯಾಂಕಿನ ಮೇಲ್ ಬಂದು ಕೂರುತ್ತದೆಂದು ಅಜ್ಜಂದಿರು ಅದನ್ನು ಬೇಗ ತೆಗೆಸುತ್ತಾರೆ.

ವೆಬ್‌ನಲ್ಲಿ ಇಷ್ಟೆಲ್ಲ ಮಾಡಿದ ಮೇಲೆ ಫೋನಿನಲ್ಲಿ ಅದರ ಬಹುಪಾಲು ಇರುವುದಿಲ್ಲ. ಅಲ್ಲಿಯ ಸೆಟ್ಟಿಂಗ್ಸ್ ಬೇರೆ, ಬೆರಳಿನಿಂದ ಎಡಕ್ಕೆ ಸವರಿದರೆ ಅಳಿಸಬೇಕೋ ಆರ್ಕೈವ್ ಆಗಬೇಕೋ ಎಂಬುದನ್ನು ಅಲ್ಲೇ ನಿರ್ಧರಿಸಬೇಕು. ಎಲ್ಲವನ್ನೂ ಹೊಸದಾಗಿ ಯೋಚಿಸಿದ ‘ಇನ್‌ಬಾಕ್ಸ್’ ಎಂಬ ಪ್ರತ್ಯೇಕ ಆ್ಯಪನ್ನೇ ಗೂಗಲ್ 2014ರಲ್ಲಿ ತಂದು, 2019ರ ಏಪ್ರಿಲ್‌ನಲ್ಲಿ ಮುಚ್ಚಿತು. ಅದರಲ್ಲಿ ನಾಲ್ಕೂವರೆ ವರ್ಷ ಮನೆ ಕಟ್ಟಿದ್ದವರು ಮೂಟೆ ಹೊತ್ತು ಹಳೆಯ ಜಿಮೇಲ್‌ಗೇ ಮರಳಬೇಕಾಯಿತು.

ಕೊನೆಯದಾಗಿ ಒಂದು ತಾಂತ್ರಿಕ ಸಂಗತಿ. ಹಲ್ಲುಚಕ್ರ ಒತ್ತಿದಾಗ ಪಕ್ಕದಲ್ಲಿ ಬರುವ ಚಿಕ್ಕ ಪಟ್ಟಿಯಲ್ಲಿ ಸಾಂದ್ರತೆ, ಥೀಮ್ ಇವುಗಳ ಬದಲಾವಣೆ ತಕ್ಷಣವೇ ಜಾರಿಗೆ ಬರುತ್ತದೆ. ಪೂರ್ತಿ ಸೆಟ್ಟಿಂಗ್ಸ್ ಪುಟದ ನಿಯಮ ಬೇರೆ. ಅಲ್ಲಿ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ, ಪುಟಕ್ಕೆ 50ರ ಬದಲು 100 ಮೇಲ್ ಎಂದು ಹೇಳಿ, ಹನ್ನೆರಡು ಗುರುತುಗಳನ್ನು ಕ್ರಮದಲ್ಲಿಟ್ಟು, ಕಳಿಸಿದ್ದನ್ನು ಹಿಂಪಡೆಯುವ ಅವಧಿಯನ್ನು 5 ಸೆಕೆಂಡಿನಿಂದ 30ಕ್ಕೆ ಏರಿಸಿದರೂ, ಪುಟದ ತಳಕ್ಕೆ ಹೋಗಿ ‘ಸೇವ್ ಚೇಂಜಸ್’ ಗುಂಡಿಯನ್ನು ಒತ್ತುವ ತನಕ ಯಾವುದೂ ನಡೆದಂತಲ್ಲ. ಆ ಗುಂಡಿ ಸಿಗಬೇಕಾದರೆ ಸಹಿ, ರಜೆಯ ಸ್ವಯಂ ಉತ್ತರ ಎಲ್ಲವನ್ನೂ ದಾಟಿ ಬಹಳ ಕೆಳಗಿಳಿಯಬೇಕು. ಅರ್ಧ ದಾರಿಯಲ್ಲೇ ಕಾಫಿಗೆ ಎದ್ದು ಟ್ಯಾಬ್ ಮುಚ್ಚಿದವರು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಅದಕ್ಕಾಗಿ ಬೇಸರಪಟ್ಟವರನ್ನು ಕಂಡವರಿಲ್ಲ.