ವಸಡಿನ ನಿವಾಸಿಗೆ ಬಗ್ಗದ ಬೆನ್ನಿನವನ ಬಹಿರಂಗ ಪತ್ರ

ಶ್ರೀಮಾನ್ ಪಾರ್ಫಿರೋಮೊನಾಸ್ ಜಿಂಜಿವಾಲಿಸ್ ಬ್ಯಾಕ್ಟೀರಿಯಾ ಅವರಿಗೆ,
ಕೇರಾಫ್ ಎಡಗಡೆಯ ಕೊನೇ ದವಡೆಹಲ್ಲು.

ಸಾಷ್ಟಾಂಗ ನಮಸ್ಕಾರಗಳು. ಬರೆಯಲಿಕ್ಕಷ್ಟೇ, ಮಾಡಲು ಬೆನ್ನು ಬಗ್ಗುವುದಿಲ್ಲ. ‘ಉಭಯ ಕುಶಲೋಪರಿ’ ಎನ್ನುವಂತೆಯೂ ಇಲ್ಲ. ಕುಶಲವೆಲ್ಲ ತಮ್ಮ ಕಡೆಯೇ ಇದೆ.

ನನ್ನದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಬೆಳಗ್ಗೆ ಏಳುವಾಗ ಸೊಂಟ ಮರದ ಕೊರಡು. ಓಡಾಡಿದರೆ ಸಡಿಲ, ಮಲಗಿದಷ್ಟೂ ಬಿಗಿ. ಇದರಲ್ಲಿ ತಮ್ಮ ಕೈವಾಡವಿದೆ ಎಂಬ ಗುಸುಗುಸು. ಈ ಕಾಯಿಲೆಯವರಲ್ಲಿ ವಸಡಿನ ರೋಗ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿವೆ. ಕೆಲವು, ತಮ್ಮ ವಿರುದ್ಧದ ಪ್ರತಿಕಾಯಗಳನ್ನೂ ರಕ್ತದಲ್ಲಿ ಹೆಚ್ಚಾಗಿ ಕಂಡಿವೆ. ಕಳ್ಳ ಸಿಕ್ಕ ಎನ್ನಲು ಊರಿಗೆ ಇಷ್ಟು ಸಾಕಲ್ಲ!

ತಮ್ಮ ಮೇಲೆ ಹಳೇ ಕೇಸೊಂದು ಇದೆಯೆನ್ನಿ, ರುಮಟಾಯ್ಡ್ ಸಂಧಿವಾತದ್ದು. ತಮ್ಮ ಬಳಿಯ ಕಿಣ್ವವೊಂದು ಪ್ರೋಟೀನಿನ ಅರ್ಜಿನೀನನ್ನು ಸಿಟ್ರುಲೀನ್ ಮಾಡಿಬಿಡುತ್ತದೆ. ವೇಷ ಬದಲಾದವರನ್ನು ಗುರುತಿಸದೆ ಮೈಯ ಕಾವಲುಪಡೆ ಮನೆಯವರ ಮೇಲೇ ಬೀಳುತ್ತದೆ ಎಂಬುದು ಆರೋಪ. ಆದರೆ ಅಲ್ಲಿ ಸಿಗುವ, ಹೀಗೆ ವೇಷ ಬದಲಾದ ಪ್ರೋಟೀನುಗಳ ವಿರುದ್ಧದ ಪ್ರತಿಕಾಯಗಳು ನನ್ನಂಥವರ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬೆರಳಿನ ಕೇಸಿನ ಚಾರ್ಜ್‌ಶೀಟನ್ನು ಬೆನ್ನಿನ ಕೋರ್ಟಿನಲ್ಲಿ ಓದಿದರೆ ನಡೆದೀತೇ? ಇಲ್ಲಿ ಎಚ್‌ಎಲ್‌ಎ-ಬಿ27 ಎಂಬ ಜೀನು 1973ರಿಂದಲೂ ಕಟಕಟೆಯಲ್ಲಿ ನಿಂತಿದೆ. ಅದನ್ನು ಹೊತ್ತವರಲ್ಲೂ ಹೆಚ್ಚಿನವರು ಆರಾಮಾಗಿ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಾರೆ. ಇನ್ನು ಸಿಗರೇಟು ವಸಡಿಗೂ ಕೇಡು, ಈ ಬೆನ್ನಿಗೂ ಕೇಡು; ಎರಡೂ ಜೊತೆಗೆ ಕೆಟ್ಟರೆ ತಪ್ಪು ತಮ್ಮದೇ ಎನ್ನಲಾದೀತೇ? ಮೇಲಾಗಿ ಕತ್ತೇ ತಿರುಗದವನು ಹಲ್ಲನ್ನು ಎಷ್ಟು ಚೆನ್ನಾಗಿ ಉಜ್ಜಿಯಾನು? ತಾವು ಬಂದು ಬೆನ್ನು ಕೆಟ್ಟಿತೋ, ಬೆನ್ನು ಕೆಟ್ಟಮೇಲೆ ತಾವು ಬಂದಿರೋ!

ತಮಗಿಂತ ಪಾಪ, ಹಲ್ಲಿನದೇ ನನಗೆ ಚಿಂತೆ. 1910ರಲ್ಲಿ ವಿಲಿಯಂ ಹಂಟರ್ ಎಂಬ ಲಂಡನ್ನಿನ ವೈದ್ಯರು ಮಾಂಟ್ರಿಯಲ್‌ಗೆ ಹೋಗಿ, ಮೈಯ ಎಷ್ಟೋ ರೋಗಗಳಿಗೆ ಬಾಯಿಯ ಕೊಳೆಯೇ ಮೂಲ ಎಂದು ಭಾಷಣ ಮಾಡಿದರು. ಆಮೇಲಿನ ದಶಕಗಳಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಕೀಲುನೋವು ಎಂದು ಬಂದ ಅದೆಷ್ಟೋ ಜನರ ಹಲ್ಲು ಕಿತ್ತರು. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಕೀಲುಗಳು ನೋಯುತ್ತಲೇ ಇದ್ದವು, ಅಗಿಯಲು ಹಲ್ಲು ಮಾತ್ರ ಇರಲಿಲ್ಲ.

ಆದ್ದರಿಂದ ಯಾವ ಹಲ್ಲನ್ನೂ ಕೀಳಿಸುವುದಿಲ್ಲ. ಶುಕ್ರವಾರ ಕ್ಲೀನಿಂಗ್ ಇದೆ. ತಾವು ಗಂಟುಮೂಟೆ ಕಟ್ಟಿಕೊಳ್ಳಬಹುದು. ಬೆನ್ನು ನೆಟ್ಟಗಾದೀತೆಂಬ ಆಸೆಯಿಂದೇನೂ ಅಲ್ಲ, ಉಜ್ಜಿದಾಗ ವಸಡಿನಿಂದ ರಕ್ತ ಬರುತ್ತಿದೆ. ದಂತವೈದ್ಯರ ಕುರ್ಚಿ ಪೂರ್ತಿ ಹಿಂದಕ್ಕೆ ಒರಗುತ್ತದೆ, ನನ್ನ ಕತ್ತು ಒರಗುವುದಿಲ್ಲ. ಮನೆಯಿಂದಲೇ ಎರಡು ದಿಂಬು ತನ್ನಿ ಎಂದಿದ್ದಾರೆ.

ಇತಿ,
ತಮ್ಮ ಅನ್ನದಾತ